ಸರಾಸರಿ ಕಿವಿ

ಠಾಣೆಯ ಮೀಟರು ಕೆಟ್ಟಿದೆಯೆಂದು
ನಮ್ಮ ಪಾಲಿಟೆಕ್ನಿಕ್ಕಿಗೆ ಚೀಟಿ ಬಂತು.
ಪ್ರಿನ್ಸಿಪಾಲರು ನನ್ನತ್ತ ನೋಡಿದರು.
ಲ್ಯಾಬಿನ ಬೀರುವಿನ ಬೀಗದ ಕೈ ನನ್ನ ಹತ್ತಿರವಿತ್ತು,
ಅಷ್ಟೇ ಅರ್ಹತೆ.

ಹಾಗಾಗಿ ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆಯಲ್ಲಿ
ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ
ಒಂದು ಬುಲೆಟ್ಟಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ,
ಟೇಪು ಹಿಡಿದು:
ಕೊಳವೆಯ ಬಾಯಿಂದ ಅರ್ಧ ಮೀಟರು,
ನಲವತ್ತೈದು ಡಿಗ್ರಿ ಓರೆ.
ಎ.ಎಸ್.ಐ. ಪಿಳ್ಳಾಂಜಿನಪ್ಪನವರು ಕೊಡೆ ಹಿಡಿದರು,
ನನ್ನ ನೆತ್ತಿಗಲ್ಲ,
ಮೈಕಿಗೆ ಗಾಳಿ ತಾಗಬಾರದೆಂದು.

ಗಾಡಿ ಇನ್ನೂ ಸ್ಟಾರ್ಟೇ ಆಗಿಲ್ಲ,
ಆಗಲೇ ಅರವತ್ತೊಂಬತ್ತು.
ಆ ಅರವತ್ತೊಂಬತ್ತರಲ್ಲಿ
ರೀಲಿಂಗ್ ಶೆಡ್ಡಿನ ರಾಟೆಗಳಿದ್ದವು,
ಗೂಡಿನ ಮಾರ್ಕೆಟ್ಟಿಗೆ ಹೊರಟ ಟೆಂಪೋ,
ಚಿಂತಾಮಣಿ ಬಸ್ಸಿನ ಕಂಡಕ್ಟರನ ಸೀಟಿ,
ಸುಮ್ಮನಿರಿ ಸುಮ್ಮನಿರಿ ಎಂದು
ಕೂಗುತ್ತಿದ್ದ ಹೋಂಗಾರ್ಡು.

ಮಳ್ಳೂರಿನ ಹುಡುಗ, ಲಿಖಿತ್ ಅಂತ,
ಹಸುವಿನ ಕೆಚ್ಚಲು ಮುಟ್ಟಿದ ಹಾಗೆ ಎಕ್ಸಲೇಟರ್ ಮುಟ್ಟಿದ.
ಎಂಬತ್ತೊಂದು.
"ಜೋರಾಗಿ ತಿರುವೋ, ರಾತ್ರಿ ತಿರುವ್ತೀಯಲ್ಲ ಹಂಗೆ."
"ರಾತ್ರಿ ನಾನು ಮಲ್ಗಿರ್ತೀನಿ ಸಾರ್."
ಜನ ನಕ್ಕರು.
ನಗು ಎಂಬತ್ತಾರು.

ಸೈಲೆನ್ಸರಿನೊಳಗೆ ಒಂದು ಜಾಲರಿ.
ಸಂಜೆ ಒಂದೇ ಬೋಲ್ಟಿಗೆ ಕಳಚುತ್ತದೆ,
ಬೆಳಗಾದರೆ ಹೋಗಿ ಕೂರುತ್ತದೆ.
ಗ್ಯಾರೇಜಿನ ಚಾಂದ್ ಪಾಷಾಗೆ ಗೊತ್ತು,
ಎ.ಎಸ್.ಐ. ಸಾಹೇಬರಿಗೂ ಗೊತ್ತು.
ಮೀಟರಿಗೆ ಮಾತ್ರ, ಪಾಪ, ಹಗಲಷ್ಟೇ ಗೊತ್ತು.

"ಇಂಥವು ಎರಡು ನಿಂತ್ರೆ ನೂರಾ ಅರವತ್ತೆರಡಾ ಮೇಡಂ?"
"ಇಲ್ಲ ಸಾರ್, ಎಂಬತ್ನಾಲ್ಕು."
"ಹತ್ತು ನಿಂತ್ರೆ?"
"ತೊಂಬತ್ತೊಂದು."
ಅವರ ಕಿವಿಗೆ ನಾನು ಹೂವಿಟ್ಟೆನೇನೋ ಎಂಬಂತೆ ನೋಡಿದರು.
"ಇದ್ಯಾವೂರ ಲೆಕ್ಕ?
ಹಿಂಗೆ ದಂಡ ಹಾಕಿದ್ರೆ ಸರ್ಕಾರ ಮುಳುಗ್ತದೆ."

ದೂರು ಕೊಟ್ಟವರು ವೆಂಕಟರವಣಮ್ಮ.
ಬನ್ನಿ, ಮಜ್ಜಿಗೆ ಕುಡಿದು ಹೋಗಿ ಎಂದು
ರಸ್ತೆ ಬದಿಯ ಮನೆಗೆ ಕರೆದೊಯ್ದರು.
ಹಿಂದೆ ಹುಳುಮನೆ.
ನಾಲ್ಕನೇ ಜ್ವರ ಎದ್ದ ಹುಳುಗಳು
ಹಿಪ್ಪುನೇರಳೆ ಸೊಪ್ಪಿಗೆ ಬಿದ್ದಿದ್ದವು,
ಹಂಚಿನ ಮೇಲೆ ಸಣ್ಣ ಮಳೆ ಹಿಡಿದಂತೆ,
ಒಂದೇ ಸಮ.
ಮೀಟರು ಆಫ್ ಮಾಡಲು ಮರೆತಿದ್ದೆ.
ನಲವತ್ತಮೂರು.

"ಅಷ್ಟೇನಾ?" ಅಂದರು.
"ನಂಗೆ ಮನೆ ತುಂಬಾ ಇದೇ ಕಣಮ್ಮ.
ಇದು ಕೇಳ್ತಿದ್ರೆ ನಿದ್ದೆ, ನಿಂತ್ರೆ ಎಚ್ಚರ.
ಅವನ ಗಾಡಿ ಎಷ್ಟು ಜೋರೋ ನಾ ಕಾಣೆ,
ಅದು ಬಂದಾಗ ಇದು ಕೇಳಲ್ಲ.
ಅಷ್ಟು ಹೊತ್ತು ನನ್ನ ಹುಳ ಸತ್ತೋಗ್ತವೆ.
ಎದ್ದು ಲೈಟ್ ಹಾಕಿ
ತಟ್ಟೆಗಳ ಮುಂದೆ ನಿಂತ್ಕೊಳ್ತೀನಿ,
ಮತ್ತೆ ತಿನ್ನೋದು ಕೇಳೋವರ್ಗೂ."

ಮಜ್ಜಿಗೆಗೆ ಉಪ್ಪು ಹೆಚ್ಚಾಗಿತ್ತು. ಎಷ್ಟು ಹೆಚ್ಚು?
ನಾಲಿಗೆಗೂ ಒಂದು ಮೀಟರಿದ್ದರೆ ಹೇಳಬಹುದಿತ್ತು.

ಅಂಕಿಯ ಪಕ್ಕ ಚಿಕ್ಕದೊಂದು 'ಎ' ಬರುತ್ತದೆ.
ಮನುಷ್ಯರ ಕಿವಿ ಕೇಳುವ ಹಾಗೆ ಅಳೆದದ್ದು ಎಂದರ್ಥ,
ಹದಿನೇಳು ವರ್ಷದಿಂದ ಮಕ್ಕಳಿಗೆ ಹೀಗೇ ಹೇಳಿದ್ದೇನೆ.
ಯಾರ ಕಿವಿ ಎಂದು ಒಬ್ಬರೂ ಕೇಳಿರಲಿಲ್ಲ.
ಯಾವ ಊರಿನದೋ,
ಎಷ್ಟು ಜನರದು ಕೂಡಿಸಿ ಭಾಗಿಸಿದ್ದೋ.
ಅದಕ್ಕೆ ಓಲೆಯ ತೂತಿತ್ತೇ?
ರಾತ್ರಿ ಎರಡಕ್ಕೆ ಒಮ್ಮೆಯಾದರೂ ಎದ್ದು ಕೂತಿತ್ತೇ,
ಏನೋ ನಿಂತುಹೋಯಿತೆಂದು?

ವರದಿಯಲ್ಲಿ ಎಂಬತ್ತೊಂದು ಬರೆದೆ.
ಷರಾ ಕಾಲಮ್ಮಿನಲ್ಲಿ ನಲವತ್ತಮೂರು ಎಂದು ಬರೆದು,
ಯಾವುದರದೆಂದು ಬರೆಯಲಾಗದೆ
ಹೊಡೆದು ಹಾಕಿದೆ.
ಪಿಳ್ಳಾಂಜಿನಪ್ಪನವರು ಅದಕ್ಕೂ ಒಂದು ಸೀಲು ಒತ್ತಿದರು.

ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ
ಲಿಖಿತ್ ಪಕ್ಕದಲ್ಲೇ ಹಾದುಹೋದ.
ನಮಸ್ಕಾರ ಮೇಡಂ ಅಂದ, ಒಳ್ಳೆಯ ಹುಡುಗ.
ತಿರುವಿನಾಚೆ ಮರೆಯಾದ ಮೇಲೆ
ಒಮ್ಮೆ, ಒಂದೇ ಒಂದು ಸಲ, ಪೂರಾ ತಿರುವಿದ.

ಮೀಟರು ಬ್ಯಾಗಿನಲ್ಲಿ ಮಲಗಿತ್ತು.
ಕೈ ತಾನಾಗಿ ಕಿವಿಗೆ ಹೋಗಿ
ಓಲೆಗೆ ತಗುಲಿತು.
ಅದು ಇನ್ನೂ ನಡುಗುತ್ತಿತ್ತು.